ಫ್ಲೂ ಜ್ವರ: ತಾರೀಖು ಬರೆದಿಟ್ಟುಕೊಂಡು ನಿಭಾಯಿಸುವ ಬಗೆ

ಜ್ವರವೆಂದು ಹೋದವರನ್ನು ವೈದ್ಯರು ಮೊದಲು ಕೇಳುವುದೇ ‘ಎಷ್ಟು ದಿನ ಆಯ್ತು?’ ಎಂದು. ‘ಒಂದ್ ಮೂರ್ನಾಲ್ಕ್ ದಿನ ಆಗಿರ್ಬೇಕು ಸಾರ್’ ಎಂದರೆ ಅರ್ಧ ಮಾಹಿತಿ ಅಲ್ಲೇ ಕಳೆದುಹೋಯಿತು. ಫ್ಲೂ ದಿನದ ಲೆಕ್ಕದ ಕಾಯಿಲೆ. ಅದಕ್ಕಿರುವ ಮಾತ್ರೆ ಚೆನ್ನಾಗಿ ಕೆಲಸ ಮಾಡುವುದು ಮೊದಲ 48 ಗಂಟೆಯೊಳಗೆ ಶುರು ಮಾಡಿದರೆ. ತೊಡಕು ತಲೆ ಎತ್ತುವುದು ಹೆಚ್ಚಾಗಿ ನಾಲ್ಕೈದನೇ ದಿನ. ಮನೆಯ ಉಳಿದವರಿಗೆ ಅಂಟುವ ಅಪಾಯ ಯಾವಾಗ ತಗ್ಗುತ್ತದೆ ಎಂಬುದೂ ದಿನ ಎಣಿಸಿಯೇ ತಿಳಿಯಬೇಕು. ಹಾಗಾಗಿ ಮನೆಯಲ್ಲಿ ಯಾರಿಗೇ ಜ್ವರ ಬರಲಿ, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಆ ತಾರೀಖಿನ ಮೇಲೆ ಹೆಸರು, ಜ್ವರ ಕಾಣಿಸಿದ ಹೊತ್ತು, ಎಷ್ಟು ಡಿಗ್ರಿ ಎಂಬುದನ್ನು ಬರೆಯಿರಿ. ಮುಂದೆ ಹೇಳುವುದೆಲ್ಲ ಆ ಗುರುತಿನಿಂದ ಎಣಿಸಿದ್ದು.

ಇದು ನೆಗಡಿಯಲ್ಲ

ನೆಗಡಿ ಮೂಗಿನಿಂದ ಶುರುವಾಗಿ ನಿಧಾನಕ್ಕೆ ಏರುತ್ತದೆ. ಫ್ಲೂ ಹಾಗಲ್ಲ. ಬೆಳಿಗ್ಗೆ ಗದ್ದೆಗೋ ಫ್ಯಾಕ್ಟರಿಗೋ ಹೋದವರು ಮಧ್ಯಾಹ್ನ ಚಳಿ ಹತ್ತಿ ಹೊದ್ದು ಮಲಗುತ್ತಾರೆ. 101ರಿಂದ 103 ಡಿಗ್ರಿ ಫ್ಯಾರನ್‌ಹೀಟ್ ಜ್ವರ, ತಲೆನೋವು, ಸೊಂಟ ಮತ್ತು ಕಾಲು ಹಿಂಡಿದಂಥ ನೋವು, ಒಣ ಕೆಮ್ಮು, ಗಂಟಲು ಕೆರೆತ, ಎದ್ದು ಕೂರಲಾಗದ ಸುಸ್ತು. ಮಕ್ಕಳಲ್ಲಿ ವಾಂತಿ, ಭೇದಿಯೂ ಜೊತೆಗೆ ಬರಬಹುದು. ವಯಸ್ಸಾದವರಲ್ಲಿ ಜ್ವರವೇ ಇಲ್ಲದೆ ಬರೀ ಮಂಕು, ಊಟ ಬೇಡವೆನ್ನುವುದು, ತಡವರಿಸುವ ಮಾತು ಇಷ್ಟೇ ಕಾಣಿಸಬಹುದು. ‘ವಯಸ್ಸಾಯ್ತಲ್ಲ’ ಎಂದು ಬಿಡುವುದು ಇಂಥವರನ್ನೇ.

ವೈರಸ್ ಒಳಹೊಕ್ಕು ಲಕ್ಷಣ ಕಾಣಲು 1ರಿಂದ 4 ದಿನ ಬೇಕು, ಸಾಮಾನ್ಯವಾಗಿ 2 ದಿನ. ಲಕ್ಷಣ ಕಾಣುವ ಒಂದು ದಿನ ಮೊದಲೇ ಹರಡಲು ಶುರುವಾಗುತ್ತದೆ, ಆಮೇಲೆ 5ರಿಂದ 7 ದಿನ ಹರಡುತ್ತದೆ. ಚಿಕ್ಕ ಮಕ್ಕಳು ಇನ್ನೂ ಹೆಚ್ಚು ದಿನ ಹರಡುತ್ತಾರೆ.

ಫ್ಲೂ ನಮ್ಮಲ್ಲಿ ವರ್ಷಕ್ಕೆ ಎರಡು ಸಲ ಏರುತ್ತದೆ: ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೇ ಇನ್ನೊಮ್ಮೆ. ಮೊದಲನೆಯದು ಸುತ್ತೂರು ಜಾತ್ರೆಯ ಕಾಲ. ಎರಡನೆಯದು ಚಾಮುಂಡಿ ಬೆಟ್ಟದ ಆಷಾಢ ಶುಕ್ರವಾರದಿಂದ ಹಿಡಿದು ದಸರೆಯವರೆಗೆ. ಜನ ಸೇರುವುದೊಂದೇ ಕಾರಣವಲ್ಲ. ಮಳೆ ಹನಿಯಿತೆಂದು ಬಸ್ಸಿನ ಗಾಜನ್ನೆಲ್ಲ ಎಳೆದುಬಿಡುತ್ತೇವೆ, ಶಾಲೆಯ ಕಿಟಕಿ ಮುಚ್ಚುತ್ತೇವೆ. ಒಬ್ಬರು ಕೆಮ್ಮಿದ ಗಾಳಿಯನ್ನೇ ಐವತ್ತು ಜನ ಉಸಿರಾಡುತ್ತಾರೆ. ಮಂಡ್ಯದಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ನಿಂತು ಹೋಗಿಬರುವವರು, ನಗರ ಬಸ್ಸಿನ ಕಂಡಕ್ಟರುಗಳು ಈ ತಿಂಗಳುಗಳಲ್ಲಿ ಮಾಸ್ಕ್ ಹಾಕಿಕೊಳ್ಳುವುದು ಅತಿಯಾದ ಎಚ್ಚರವೇನಲ್ಲ. ಕಿಟಕಿಯ ಪಕ್ಕ ಕೂತವರು ಗಾಜನ್ನು ನಾಲ್ಕು ಬೆರಳಷ್ಟು ಸರಿಸಿಟ್ಟರೂ ಪ್ರಯೋಜನವಿದೆ.

ಲಸಿಕೆ: ಮಳೆ ಹಿಡಿಯುವ ಮೊದಲು

ಲಸಿಕೆಯ ರಕ್ಷಣೆ ಮೈಗೂಡಲು ಸುಮಾರು ಎರಡು ವಾರ ಬೇಕು. ಮಳೆಗಾಲದ ಏರಿಕೆಗೆ ಮುಂಚೆ, ಅಂದರೆ ಏಪ್ರಿಲ್–ಮೇ ತಿಂಗಳಲ್ಲಿ ಹಾಕಿಸಿಕೊಳ್ಳುವುದು ನಮ್ಮ ಭಾಗಕ್ಕೆ ಸರಿಹೊಂದುತ್ತದೆ. ಆಗ ತಪ್ಪಿದರೆ ಮುಂದಿನ ವರ್ಷದವರೆಗೆ ಕಾಯಬೇಕಿಲ್ಲ. ದಸರೆಗೆ ಎರಡು ವಾರ ಮೊದಲು ಹಾಕಿಸಿದರೂ ಆಯಿತು.

ಪ್ರತಿ ವರ್ಷ ಏಕೆ? ವೈರಸ್ ತನ್ನ ಮೇಲ್ಮೈಯನ್ನು ಬದಲಿಸುತ್ತಲೇ ಇರುತ್ತದೆ, ಹಳೆಯ ಲಸಿಕೆಯಿಂದ ಬಂದ ರಕ್ಷಣೆಯೂ ತಿಂಗಳು ಕಳೆದಂತೆ ಇಳಿಯುತ್ತದೆ. ಆದ್ದರಿಂದ ವಿಶ್ವ ಆರೋಗ್ಯ ಸಂಸ್ಥೆ ಫೆಬ್ರವರಿಯಲ್ಲಿ ಉತ್ತರಾರ್ಧ ಗೋಳಕ್ಕೆ, ಸೆಪ್ಟೆಂಬರಿನಲ್ಲಿ ದಕ್ಷಿಣಾರ್ಧ ಗೋಳಕ್ಕೆ ಲಸಿಕೆಯ ಹೊಸ ಸಂಯೋಜನೆ ಪ್ರಕಟಿಸುತ್ತದೆ. ಪೆಟ್ಟಿಗೆಯ ಮೇಲೆ ಯಾವ ವರ್ಷದ ತಳಿ ಎಂದು ಮುದ್ರಿಸಿರುತ್ತಾರೆ. ಆ ಹೊತ್ತಿಗೆ ಸಿಗುವ ಹೊಸದನ್ನು ಕೇಳಿ ಪಡೆಯಿರಿ. ‘ನಾಲ್ಕು ತಳಿಯದ್ದು ಸಿಗಲಿಲ್ಲ, ಮೂರರದ್ದೇ ಸಿಕ್ಕಿತು’ ಎಂದು ಕೊರಗಬೇಡಿ. ನಾಲ್ಕನೆಯದಾದ ಬಿ ಯಮಗಾಟ ತಳಿ 2020ರ ಮಾರ್ಚ್ ನಂತರ ಜಗತ್ತಿನಲ್ಲಿ ಎಲ್ಲೂ ಖಚಿತವಾಗಿ ಪತ್ತೆಯಾಗಿಲ್ಲ.

ಆರು ತಿಂಗಳು ತುಂಬಿದ ಯಾರಿಗಾದರೂ ಕೊಡಬಹುದು. ಮುಖ್ಯವಾಗಿ ಬೇಕಾದವರು ಐದು ವರ್ಷದೊಳಗಿನ ಮಕ್ಕಳು, 65 ದಾಟಿದವರು, ಗರ್ಭಿಣಿಯರು, ಸಕ್ಕರೆ ಕಾಯಿಲೆ, ಅಸ್ತಮಾ, ಹೃದಯ, ಮೂತ್ರಪಿಂಡ ಅಥವಾ ಲಿವರ್ ತೊಂದರೆ ಇರುವವರು, ಆಸ್ಪತ್ರೆಯಲ್ಲಿ ಕೆಲಸ ಮಾಡುವವರು. ಗರ್ಭಿಣಿಯರಿಗೆ ಯಾವ ತಿಂಗಳಲ್ಲಾದರೂ ಕೊಡಬಹುದು. ಹುಟ್ಟುವ ಮಗುವಿಗೂ ಮೊದಲ ಕೆಲವು ತಿಂಗಳು ತಾಯಿಯಿಂದ ಬಂದ ರಕ್ಷಣೆ ಇರುತ್ತದೆ, ಆರು ತಿಂಗಳಿಗಿಂತ ಚಿಕ್ಕ ಕೂಸಿಗೆ ನೇರವಾಗಿ ಲಸಿಕೆ ಕೊಡಲಾಗದ ಕಾರಣ ಅದೊಂದೇ ದಾರಿ. ಒಂಬತ್ತು ವರ್ಷದೊಳಗಿನ ಮಗುವಿಗೆ ಮೊದಲ ಬಾರಿ ಹಾಕಿಸುತ್ತಿದ್ದರೆ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಬೇಕು. ಎರಡನೆಯದನ್ನು ಬಿಟ್ಟರೆ ರಕ್ಷಣೆ ಪೂರ್ತಿ ಸಿಗುವುದಿಲ್ಲ.

ಫ್ಲೂ ಲಸಿಕೆ ಸರ್ಕಾರದ ಉಚಿತ ಲಸಿಕಾ ಪಟ್ಟಿಯಲ್ಲಿಲ್ಲ, ಖಾಸಗಿಯಾಗಿ ದುಡ್ಡು ಕೊಟ್ಟೇ ಹಾಕಿಸಬೇಕು. ಎಡವಟ್ಟಾಗುವುದು ಇಲ್ಲೇ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಮೈಸೂರಿನ ಮೆಡಿಕಲ್ ಶಾಪಿನಲ್ಲಿ ಕೊಂಡು ಸ್ಕೂಟರಿನ ಡಿಕ್ಕಿಯಲ್ಲಿಟ್ಟು ನಾಗಮಂಗಲಕ್ಕೆ ತಂದರೆ ಬಿಸಿಗೆ ಕೆಡುತ್ತದೆ. ಐಸ್‌ಗೆ ತಾಗಿಸಿಟ್ಟರೆ ಹೆಪ್ಪುಗಟ್ಟಿಯೂ ಕೆಡುತ್ತದೆ, ಕರಗಿಸಿದರೂ ಸರಿಹೋಗುವುದಿಲ್ಲ. ಕೆಟ್ಟದ್ದು ನೋಡಿದರೆ ಗೊತ್ತಾಗುವುದೂ ಇಲ್ಲ. ಫ್ರಿಜ್ ಇರುವ ಕ್ಲಿನಿಕ್ಕಿನಲ್ಲೇ ಕೊಂಡು ಅಲ್ಲೇ ಹಾಕಿಸಿಕೊಳ್ಳಿ, ಕಾಲು ಗಂಟೆ ಅಲ್ಲೇ ಕೂತಿದ್ದು ಬನ್ನಿ. ತೋಳು ನೋವು, ಒಂದೆರಡು ದಿನ ಸಣ್ಣ ಜ್ವರ ಸಹಜ. ಚುಚ್ಚುಮದ್ದಿನ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ, ಅದರಿಂದ ಫ್ಲೂ ಬರಲಾರದು.

ಲಸಿಕೆ ಗೋಡೆಯಲ್ಲ ಎಂಬುದನ್ನೂ ಹೇಳಬೇಕು. ತಳಿ ಚೆನ್ನಾಗಿ ಹೊಂದಿದ ವರ್ಷಗಳಲ್ಲಿ ವೈದ್ಯರ ಬಳಿ ಹೋಗುವಂಥ ಫ್ಲೂವನ್ನು ಅದು ತಗ್ಗಿಸುವುದು ಶೇ 40ರಿಂದ 60ರಷ್ಟು. ಆಸ್ಪತ್ರೆ ಸೇರುವ, ಐಸಿಯು ಹತ್ತುವ ಸಾಧ್ಯತೆ ಕಡಿಮೆಯಾಗುವುದೇ ದೊಡ್ಡ ಲಾಭ. ಉಳಿದ ಹತ್ತಾರು ನೆಗಡಿ ವೈರಸ್‌ಗಳಿಗೆ ಇದು ಸಂಬಂಧವೇ ಇಲ್ಲದ್ದು.

ಮನೆಯಲ್ಲಿ ಇರಬೇಕಾದ್ದು

ಡಿಜಿಟಲ್ ಥರ್ಮಾಮೀಟರ್, 500 ಅಥವಾ 650 ಮಿ.ಗ್ರಾಂ ಪ್ಯಾರಾಸಿಟಮಾಲ್ ಒಂದು ಪಟ್ಟಿ, ಮಗುವಿದ್ದರೆ ಸಿರಪ್ ಮತ್ತು ಮಿ.ಲೀ. ಗುರುತಿರುವ ಅಳತೆ, ನಾಲ್ಕು ಪೊಟ್ಟಣ ಓಆರ್‌ಎಸ್, ಮೂಗಿಗೆ ಹಾಕುವ ಸಲೈನ್ ಹನಿ, ಮೂರು ಪದರದ ಹತ್ತು ಮಾಸ್ಕ್. ವಯಸ್ಸಾದವರೋ ಅಸ್ತಮಾ ಇರುವವರೋ ಇದ್ದರೆ ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ನೋಡುವ ಪಲ್ಸ್ ಆಕ್ಸಿಮೀಟರ್. ಇಷ್ಟು ಸಾಕು. ಆ್ಯಂಟಿಬಯಾಟಿಕ್ ಈ ಡಬ್ಬದಲ್ಲಿ ಇರಬಾರದು. ಹೋದ ಸಲ ಉಳಿದ ಅಜಿತ್ರೋಮೈಸಿನ್ ಇದ್ದರೆ ಈಗಲೇ ತೆಗೆದುಹಾಕಿ. ಫ್ಲೂ ವೈರಸ್‌ಗೆ ಅದು ಏನೂ ಮಾಡದು, ಹೊಟ್ಟೆ ಕೆಡಿಸುತ್ತದೆ, ಮುಂದೆ ನಿಜವಾಗಿ ಬೇಕಾದಾಗ ಕೆಲಸ ಮಾಡದ ಹಾಗೂ ಆಗಬಹುದು.

ಮೊದಲ ದಿನ: ಯಾರಿಗೆ ಬಂದಿದೆ ಎಂಬುದೇ ಪ್ರಶ್ನೆ

ಜ್ವರ ಅಳೆಯಿರಿ. ಕಂಕುಳಲ್ಲಿ ಅಳೆದರೆ ನಿಜವಾದ ಶಾಖಕ್ಕಿಂತ ಸುಮಾರು ಒಂದು ಡಿಗ್ರಿ ಫ್ಯಾರನ್‌ಹೀಟ್ ಕಡಿಮೆ ತೋರಿಸುತ್ತದೆ. ಬೆವರು ಒರೆಸಿ, ತುದಿ ಚರ್ಮಕ್ಕೆ ತಾಗುವಂತೆ ಒತ್ತಿ ಹಿಡಿದು ಬೀಪ್ ಬರುವತನಕ ಕಾಯಿರಿ. ಹಣೆ ಮುಟ್ಟಿ ನೋಡುವುದು ಲೆಕ್ಕಕ್ಕೆ ಬರುವುದಿಲ್ಲ.

ಸರ್ಕಾರಿ ವೈದ್ಯರು ರೋಗಿಗಳನ್ನು ಎ, ಬಿ, ಸಿ ಎಂದು ವಿಂಗಡಿಸುತ್ತಾರೆ. ಮನೆಯವರೂ ಅದೇ ಜಾಡು ಹಿಡಿಯಬಹುದು. ಗಟ್ಟಿಮುಟ್ಟಾದ ವಯಸ್ಕರಿಗೆ ಸಾಧಾರಣ ಜ್ವರ, ಕೆಮ್ಮು, ಗಂಟಲು ನೋವು, ಮೈಕೈ ನೋವು ಇದ್ದರೆ ಅದು ಎ. ಪರೀಕ್ಷೆ ಬೇಡ, ವೈರಸ್ ಮಾತ್ರೆ ಬೇಡ. ಮನೆಯಲ್ಲಿದ್ದು 24ರಿಂದ 48 ಗಂಟೆ ಗಮನಿಸಿ, ಆಮೇಲೆ ವೈದ್ಯರಿಗೆ ಇನ್ನೊಮ್ಮೆ ತೋರಿಸಿದರಾಯಿತು. ಬಹಳ ಮಂದಿ ಇಲ್ಲಿಗೇ ಮುಗಿಸಿಕೊಳ್ಳುತ್ತಾರೆ.

ಜ್ವರ ಜೋರಾಗಿದ್ದು ಗಂಟಲು ನೋವು ತೀವ್ರವಾಗಿದ್ದರೆ ಬಿ. ಜ್ವರ ಸಣ್ಣದೇ ಇದ್ದರೂ ರೋಗಿ ಗರ್ಭಿಣಿ, 65 ದಾಟಿದವರು, ಸಕ್ಕರೆ, ಅಸ್ತಮಾ, ಹೃದಯ, ಕಿಡ್ನಿ, ಲಿವರ್ ಕಾಯಿಲೆಯವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಬಹುಕಾಲದಿಂದ ಸ್ಟೀರಾಯ್ಡ್ ಮಾತ್ರೆ ತಿನ್ನುವವರು, ಇಂಥದೇ ತೊಂದರೆಯಿರುವ ಮಕ್ಕಳು ಆಗಿದ್ದರೂ ಬಿ. ಇವರು ಅದೇ ದಿನ ವೈದ್ಯರನ್ನು ಕಾಣಬೇಕು. ‘ನಾಳೆ ನೋಡೋಣ’ ಎಂದು ಎರಡು ರಾತ್ರಿ ಕಳೆದರೆ 48 ಗಂಟೆ ಮುಗಿದಿರುತ್ತದೆ. ಫ್ಲೂ ವೈರಸ್‌ಗಿರುವ ಮಾತ್ರೆ ಒಸೆಲ್ಟಾಮಿವಿರ್: ವಯಸ್ಕರಿಗೆ 75 ಮಿ.ಗ್ರಾಂ, ದಿನಕ್ಕೆ ಎರಡು ಸಲ, ಐದು ದಿನ. ಮಕ್ಕಳಿಗೆ ತೂಕದ ಮೇಲೆ. ಕಿಡ್ನಿ ತೊಂದರೆ ಇದ್ದರೆ ಪ್ರಮಾಣ ಇಳಿಸಬೇಕು, ಅದನ್ನು ವೈದ್ಯರಿಗೆ ನೀವೇ ನೆನಪಿಸಿ. ಊಟದ ಜೊತೆ ತೆಗೆದುಕೊಂಡರೆ ಹೊಟ್ಟೆ ತೊಳಸುವುದು ಕಡಿಮೆ. ಎರಡನೇ ದಿನ ಜ್ವರ ಬಿಟ್ಟಿತೆಂದು ನಿಲ್ಲಿಸಬಾರದು. ಚೀಟಿ ಇಲ್ಲದೆ ಅಂಗಡಿಯಲ್ಲಿ ಕೊಡುವಂತಿಲ್ಲ. ಇನ್ನು ರೋಗ ತೀವ್ರವಾಗಿದ್ದರೆ 48 ಗಂಟೆ ಕಳೆದಿದ್ದರೂ ವೈದ್ಯರು ಕೊಡುತ್ತಾರೆ, ತಡವಾಯಿತೆಂದು ಹೋಗದೆ ಕೂರಬೇಡಿ.

ಸಿ ಎಂದರೆ ಉಸಿರಿನ ತೊಂದರೆ. ಅದನ್ನು ಮುಂದೆ ಬೇರೆಯಾಗಿ ಹೇಳಿದೆ.

ಪ್ಯಾರಾಸಿಟಮಾಲ್ ಲೆಕ್ಕ

ಎಲ್ಲರ ಮನೆಯಲ್ಲೂ ಇರುವ ಮಾತ್ರೆ, ಎಲ್ಲರೂ ತಪ್ಪುವ ಲೆಕ್ಕ. ವಯಸ್ಕರಿಗೆ 500ರಿಂದ 650 ಮಿ.ಗ್ರಾಂ, ಆರು ಗಂಟೆಗೊಮ್ಮೆ. ದಿನಕ್ಕೆ ನಾಲ್ಕು ಸಲ 650 ಎಂದರೆ 2,600 ಮಿ.ಗ್ರಾಂ, ಅಲ್ಲಿಗೆ ನಿಲ್ಲಿಸಿ. ಕುಡಿತದ ಅಭ್ಯಾಸ ಅಥವಾ ಲಿವರ್ ತೊಂದರೆ ಇದ್ದವರು ವೈದ್ಯರನ್ನು ಕೇಳಿ ಇನ್ನೂ ಕಡಿಮೆ ಮಾಡಬೇಕು. ಡೋಲೋ, ಕ್ಯಾಲ್ಪಾಲ್, ಕ್ರೋಸಿನ್ ಎಂದು ಹೆಸರು ಮೂರಾದರೂ ಒಳಗಿರುವುದು ಒಂದೇ. ‘ಕೋಲ್ಡ್ ಮಾತ್ರೆ’ ಎಂದು ಕೊಡುವ ಬಹುತೇಕ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಸೇರಿರುತ್ತದೆ. ಜ್ವರಕ್ಕೊಂದು, ನೆಗಡಿಗೊಂದು, ಮೈಕೈ ನೋವಿಗೊಂದು ಎಂದು ನುಂಗಿದರೆ ಗೊತ್ತಿಲ್ಲದೆ ಎರಡು ಮೂರು ಪಟ್ಟು ಆಗುತ್ತದೆ. ಹೆಚ್ಚಾದದ್ದು ಲಿವರಿಗೆ ಬಡಿಯುತ್ತದೆ, ಮೊದಲ ದಿನ ಏನೂ ಗೊತ್ತಾಗುವುದಿಲ್ಲ. ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನು ಓದಿಸಿಕೊಳ್ಳಿ. ಆ ನೆಗಡಿ ಮಾತ್ರೆಯಲ್ಲಿರುವ ಕ್ಲೋರ್‌ಫೆನಿರಮೈನ್ ತೂಕಡಿಕೆ ತರುತ್ತದೆ, ತಿಂದು ಬೈಕ್ ಓಡಿಸಬಾರದು. ಪ್ರಾಸ್ಟೇಟ್ ತೊಂದರೆಯಿರುವ ಹಿರಿಯರಿಗೆ ಮೂತ್ರ ಕಟ್ಟಬಹುದು. ಅಂಥ ಮಾತ್ರೆಗಳಲ್ಲೇ ಇರುವ ಫಿನೈಲೆಫ್ರಿನ್ ಬಿ.ಪಿ. ಇರುವವರಿಗೆ ಒಳ್ಳೆಯದಲ್ಲ.

ಮಕ್ಕಳದ್ದು ವಯಸ್ಸಿನ ಲೆಕ್ಕವಲ್ಲ, ತೂಕದ್ದು: ಒಂದು ಕಿಲೋಗೆ ಒಂದು ಸಲಕ್ಕೆ 10ರಿಂದ 15 ಮಿ.ಗ್ರಾಂ. ನಾಲ್ಕರಿಂದ ಆರು ಗಂಟೆ ಅಂತರವಿರಲಿ, 24 ಗಂಟೆಯಲ್ಲಿ ನಾಲ್ಕು ಸಲಕ್ಕಿಂತ ಹೆಚ್ಚು ಬೇಡ. ತೊಡಕಿರುವುದು ಸಿರಪ್ಪಿನಲ್ಲಿ. 5 ಮಿ.ಲೀ.ಗೆ 120 ಮಿ.ಗ್ರಾಂ ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ, ಕೂಸುಗಳ ಹನಿ ಬಾಟಲಿಯಲ್ಲಿ 1 ಮಿ.ಲೀ.ಗೇ 100 ಮಿ.ಗ್ರಾಂ ಇರುತ್ತದೆ. 12 ಕಿಲೋ ಮಗುವಿಗೆ 180 ಮಿ.ಗ್ರಾಂ ಬೇಕೆಂದರೆ 120ರ ಬಾಟಲಿಯಲ್ಲಿ 7.5 ಮಿ.ಲೀ., 250ರದ್ದರಲ್ಲಿ 3.6 ಮಿ.ಲೀ., ಹನಿಯಲ್ಲಿ 1.8 ಮಿ.ಲೀ. ಹೋದ ಸಲ ಡಾಕ್ಟ್ರು ‘ಏಳೂವರೆ’ ಅಂದಿದ್ದರೆಂದು ಈ ಸಲ ಬೇರೆ ಬಾಟಲಿಯಿಂದ ಅಷ್ಟೇ ಸುರಿದರೆ ಎರಡರಷ್ಟಾಯಿತು. ಅಡುಗೆಮನೆ ಚಮಚದಲ್ಲಿ ಅಳೆಯಬೇಡಿ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ದಾಟಿದರೆ ಸಿರಪ್ ಹುಡುಕದೆ ನೇರ ಆಸ್ಪತ್ರೆಗೆ ಹೋಗಿ.

ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕ್ಲೋರ್‌ಫೆನಿರಮೈನ್–ಫಿನೈಲೆಫ್ರಿನ್ ಬೆರೆತ ನೆಗಡಿ ಸಿರಪ್ ಕೊಡಬಾರದೆಂದು 2023ರಲ್ಲಿ ಕೇಂದ್ರದ ಔಷಧ ನಿಯಂತ್ರಣ ಇಲಾಖೆಯೇ ಹೇಳಿದೆ. ನಿಮೆಸುಲೈಡ್ 12 ವರ್ಷದೊಳಗಿನವರಿಗೆ 2011ರಿಂದ ನಿಷಿದ್ಧ. 18 ವರ್ಷದೊಳಗಿನವರಿಗೆ ಫ್ಲೂನಲ್ಲಿ ಆಸ್ಪಿರಿನ್ ಸಲ್ಲದು, ಮೆದುಳು ಮತ್ತು ಲಿವರಿಗೆ ಹೊಡೆತ ಕೊಡುವ ಅಪರೂಪದ ಕಾಯಿಲೆಗೆ ಅದು ದಾರಿ.

ಡೆಂಗಿಯೂ ಇರಬಹುದು

ಮಳೆಗಾಲದಲ್ಲಿ ಮೈಸೂರು–ಮಂಡ್ಯದಲ್ಲಿ ಎರಡೂ ಒಟ್ಟೊಟ್ಟಿಗೇ ಓಡಾಡುತ್ತವೆ. ಕೆಮ್ಮು, ಗಂಟಲು ಕೆರೆತ, ಮನೆಯ ಇನ್ನೊಬ್ಬರಿಗೂ ಎರಡೇ ದಿನದಲ್ಲಿ ಬಂತು ಎಂದರೆ ಫ್ಲೂ ಕಡೆಗೆ ವಾಲಬಹುದು. ಕೆಮ್ಮಿಲ್ಲದೆ ಕಣ್ಣಿನ ಹಿಂದೆ ನೋವು, ಹೊಟ್ಟೆನೋವು, ಮೈಮೇಲೆ ಕೆಂಪು ಗುಳ್ಳೆ, ಒಸಡಿನಲ್ಲಿ ರಕ್ತ ಇದ್ದರೆ ಡೆಂಗಿ ಅನುಮಾನ. ಮೊದಲ ಐದು ದಿನದೊಳಗೆ ಎನ್‌ಎಸ್1 ಎಂಬ ರಕ್ತ ಪರೀಕ್ಷೆ ಮಾಡಿಸಿ. ಎರಡಕ್ಕೂ ಅಪಾಯದ ಹೊತ್ತು ಬೇರೆ: ಡೆಂಗಿಯಲ್ಲಿ ಜ್ವರ ಇಳಿದ ಮೇಲಿನ ಒಂದೆರಡು ದಿನ ಭಯ, ಫ್ಲೂನಲ್ಲಿ ಇಳಿದ ಜ್ವರ ಮತ್ತೆ ಏರಿದರೆ ಭಯ. ಯಾವುದೆಂದು ಇತ್ಯರ್ಥವಾಗುವತನಕ ಐಬುಪ್ರೊಫೆನ್, ಡೈಕ್ಲೊಫೆನಾಕ್, ಮೆಫೆನಮಿಕ್ ಆಸಿಡ್ ಇರುವ ನೋವಿನ ಮಾತ್ರೆ ಯಾವುದೂ ಬೇಡ, ಡೆಂಗಿಯಾಗಿದ್ದರೆ ರಕ್ತಸ್ರಾವ ಹೆಚ್ಚಿಸುತ್ತವೆ. ಭತ್ತದ ಗದ್ದೆಯ ಕೆಸರಿನಲ್ಲಿ ಬರಿಗಾಲಲ್ಲಿ ಕೆಲಸ ಮಾಡಿದವರಿಗೆ ಕಣ್ಣು ಕೆಂಪಾಗಿ ಮೀನಖಂಡ ಹಿಡಿದುಕೊಂಡಿದ್ದರೆ ಇಲಿಜ್ವರದ ಸಾಧ್ಯತೆಯೂ ಇದೆ. ಗದ್ದೆ ಕೆಲಸದ ವಿಷಯ ವೈದ್ಯರು ಕೇಳದಿದ್ದರೂ ಹೇಳಿ.

ಸೂಜಿ, ಗ್ಲೂಕೋಸು

‘ಒಂದ್ ಸೂಜಿ ಹಾಕ್ಬುಡಿ, ನಾಳೆ ಕೆಲ್ಸುಕ್ ಹೋಗ್ಬೇಕು’ ಎಂದು ಕೇಳುವವರು ಇರುವತನಕ ಹಾಕುವವರೂ ಇರುತ್ತಾರೆ. ತಕ್ಷಣ ಜ್ವರ ಇಳಿಸುವ ಇಂಥ ಸೂಜಿಯಲ್ಲಿ ಹಲವು ಸಲ ಸ್ಟೀರಾಯ್ಡ್ ಇರುತ್ತದೆ. ಜ್ವರ ಇಳಿದಂತೆ ಕಾಣುತ್ತದೆ, ಒಳಗೆ ಮೈಯ ಪ್ರತಿರೋಧ ಕುಗ್ಗಿ ವೈರಸ್ ಹೆಚ್ಚು ದಿನ ಉಳಿಯುತ್ತದೆ, ಸಕ್ಕರೆ ಕಾಯಿಲೆಯವರ ಸಕ್ಕರೆ ಒಮ್ಮೆಗೇ ಏರುತ್ತದೆ. ಇನ್ನು ‘ಬಾಟ್ಲಿ’: ಅರ್ಧ ಲೀಟರ್ ಶೇ 5ರ ಗ್ಲೂಕೋಸಿನಲ್ಲಿ ಇರುವುದು 25 ಗ್ರಾಂ ಸಕ್ಕರೆ, ಐದಾರು ಚಮಚ. ಬಾಯಲ್ಲಿ ಕುಡಿಯಬಲ್ಲವರಿಗೆ ಒಂದು ಲೋಟ ಪಾನಕದಷ್ಟೇ ಅದರ ಫಲ. ವಾಂತಿಯಿಂದ ಏನೂ ನಿಲ್ಲದವರಿಗೆ ಮಾತ್ರ ನಿಜವಾಗಿ ಬೇಕು.

ಕುಡಿಯುವುದು, ತಿನ್ನುವುದು

ಜ್ವರದಲ್ಲಿ ನೀರು ಬೆವರಾಗಿ, ಉಸಿರಾಗಿ ಹೋಗುತ್ತದೆ. ಮೂತ್ರ ತಿಳಿಹಳದಿ ಇರುವಷ್ಟು ಕುಡಿಯಬೇಕು, ಇದಕ್ಕಿಂತ ಒಳ್ಳೆಯ ಅಳತೆ ಬೇರೆ ಇಲ್ಲ. ಮಗು ಆರೆಂಟು ಗಂಟೆ ಮೂತ್ರ ಮಾಡದಿದ್ದರೆ ನೀರು ಸಾಲದೆಂದೇ ಅರ್ಥ. ಗಂಜಿ, ತೆಳ್ಳನೆ ರಾಗಿ ಅಂಬಲಿ, ಮಜ್ಜಿಗೆ, ಮೆಣಸಿನ ಸಾರಿನ ತಿಳಿ, ಎಳನೀರು ಎಲ್ಲ ಆಗುತ್ತದೆ. ಮದ್ದೂರಿನ ಎಳನೀರು ಎಷ್ಟೇ ಸಿಹಿಯಾಗಿರಲಿ, ಕಿಡ್ನಿ ತೊಂದರೆ ಇರುವವರಿಗೆ ಕೊಡಬೇಡಿ, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಭೇದಿಯಾಗುತ್ತಿದ್ದರೆ ಓಆರ್‌ಎಸ್. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೇ ಕಲಸಬೇಕು. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಎಂದು ಅಂದಾಜಿನಲ್ಲಿ ಬೆರೆಸಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ತಲೆ ಹೊಡೆದು ಸಮ ಮಾಡಿದ್ದು.

‘ಜ್ವರಕ್ಕೆ ಲಂಘನ’ ಎಂದು ಮಕ್ಕಳನ್ನೂ ವಯಸ್ಸಾದವರನ್ನೂ ಉಪವಾಸ ಕೆಡವಬೇಡಿ. ಮುದ್ದೆ ನುಂಗಲಾಗದಿದ್ದರೆ ಅದೇ ರಾಗಿಯ ಗಂಜಿ, ಮೆತ್ತಗಿನ ಅನ್ನ–ಸಾರು, ಇಡ್ಲಿ, ಬೇಯಿಸಿದ ಮೊಟ್ಟೆ ಆಗುತ್ತದೆ. ಬಾಳೆಹಣ್ಣು ತಿಂದರೆ, ಮೊಸರು ಉಂಡರೆ ಫ್ಲೂ ಹೆಚ್ಚುವುದಿಲ್ಲ. ತಣ್ಣಗಿದ್ದರೆ ಗಂಟಲು ಕೆರೆಯುತ್ತದೆ ಅಷ್ಟೆ.

ಕಷಾಯಕ್ಕೆ ನಮ್ಮ ಆಕ್ಷೇಪವಿಲ್ಲ. ಎರಡು ಚಮಚ ಧನಿಯ, ಒಂದು ಚಮಚ ಜೀರಿಗೆ, ಆರೇಳು ಕಾಳುಮೆಣಸು, ಬೆರಳ ಗೆಣ್ಣಿನಷ್ಟು ಶುಂಠಿ ಜಜ್ಜಿ, ಮೂರು ಲೋಟ ನೀರು ಎರಡಕ್ಕೆ ಇಳಿಯುವಷ್ಟು ಕುದಿಸಿ, ಬೆಲ್ಲ ಹಾಕಿ ಕುಡಿಯಿರಿ. ಗಂಟಲಿಗೆ ಹಿತ, ನೀರೂ ಒಳಗೆ ಹೋಯಿತು. ವೈರಸ್ ಕೊಲ್ಲುತ್ತದೆಂದು ಮಾತ್ರ ನಂಬಬೇಡಿ. ಬರಿಹೊಟ್ಟೆಯಲ್ಲಿ ಖಾರವಾಗಿ ದಿನಕ್ಕೆ ಐದಾರು ಸಲ ಕುಡಿದರೆ ಎದೆ ಉರಿ ಬರುತ್ತದೆ, ಕೆಲವರು ಅದಕ್ಕೆ ಸೇರಿಸುವ ಅತಿಮಧುರ ಬಿ.ಪಿ. ಏರಿಸುತ್ತದೆ. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ನೆಕ್ಕಿಸಲೇಬಾರದು. ಅದಕ್ಕಿಂತ ದೊಡ್ಡ ಮಕ್ಕಳಿಗೆ ರಾತ್ರಿ ಅರ್ಧ ಚಮಚ ಜೇನು ಕೆಮ್ಮಿಗೆ ಸಿರಪ್ಪಿಗಿಂತ ಮೇಲು.

ಕುದಿಯುವ ಪಾತ್ರೆಗೆ ತಲೆ ಬಗ್ಗಿಸಿ ಕಂಬಳಿ ಹೊದ್ದು ಹಬೆ ತೆಗೆದುಕೊಳ್ಳುವಾಗ ಪಾತ್ರೆ ಉರುಳಿ ತೊಡೆ ಸುಟ್ಟುಕೊಳ್ಳುವ ಮಕ್ಕಳು ಆಸ್ಪತ್ರೆಗೆ ಬರುತ್ತಲೇ ಇರುತ್ತಾರೆ. ಮಕ್ಕಳಿಗೆ ಹಬೆ ಬೇಡ, ಸಲೈನ್ ಹನಿ ಸಾಕು. ಎಣ್ಣೆಸ್ನಾನದ ದಿನ ಕೂಸಿನ ಮೂಗಿಗೆ ಹರಳೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಬಿಡುವ ರೂಢಿ ಇನ್ನೂ ಇದೆ. ಎಣ್ಣೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುತ್ತದೆ. ಸ್ನಾನದ ಮೇಲೆ ಹಾಕುವ ಸಾಂಬ್ರಾಣಿ ಹೊಗೆಯನ್ನೂ ಮಗುವಿಗೆ ಕೆಮ್ಮಿರುವಷ್ಟು ದಿನ ನಿಲ್ಲಿಸಿ, ಕರ್ಪೂರ ಹಚ್ಚುವುದನ್ನೂ ಕೂಡ.

ಮನೆಯಲ್ಲಿ ಹರಡದಂತೆ

ಬೇರೆ ಕೋಣೆ ಇದ್ದರೆ ಸರಿ. ಒಂದೇ ಕೋಣೆಯ ಮನೆಯಾದರೆ ರೋಗಿಯನ್ನು ಕಿಟಕಿಯ ಪಕ್ಕ ಮಲಗಿಸಿ, ಉಳಿದವರಿಂದ ಆರಡಿ ದೂರ. ಎದುರು ಬಾಗಿಲು ತೆರೆದಿದ್ದು ಗಾಳಿ ಆಡಲಿ. ಟೇಬಲ್ ಫ್ಯಾನನ್ನು ರೋಗಿಯ ಹಿಂದಿಟ್ಟು ಮನೆಯವರತ್ತ ಬೀಸುವಂತೆ ಇಡಬೇಡಿ, ಅದರ ಮುಖ ಕಿಟಕಿಯ ಕಡೆಗಿರಲಿ. ಮಾಸ್ಕ್ ಮೊದಲು ಬೇಕಾದ್ದು ರೋಗಿಗೆ, ಆಮೇಲೆ ನೋಡಿಕೊಳ್ಳುವವರಿಗೆ. ಮೂಗು ಮುಚ್ಚಿರಬೇಕು, ಒದ್ದೆಯಾದರೆ ಬದಲಿಸಬೇಕು.

ನೋಡಿಕೊಳ್ಳುವವರು ಯಾರು? ನಮ್ಮ ಮನೆಗಳಲ್ಲಿ ಅಪ್ಪ ಅಮ್ಮ ಕೆಲಸಕ್ಕೆ ಹೋಗುತ್ತಾರೆ, ಶಾಲೆಯಿಂದ ಜ್ವರ ಹೊತ್ತು ತಂದ ಮೊಮ್ಮಗು ಅಜ್ಜಿಯ ಮಡಿಲಿಗೆ ಬೀಳುತ್ತದೆ. ಮಗುವಿಗೆ ಮೂರು ದಿನದ ಜ್ವರ, ಸಕ್ಕರೆ ಕಾಯಿಲೆಯ ಅಜ್ಜಿಗೆ ಐಸಿಯು. ಆಗುವುದಿದ್ದರೆ ಮನೆಯ ಗಟ್ಟಿಮುಟ್ಟಾದ ಒಬ್ಬರು ಎರಡು ಮೂರು ದಿನ ರಜೆ ಹಾಕಿ. ಆಗದೇ ಹೋದರೆ ಅಜ್ಜಿಗೆ ಮಾಸ್ಕ್, ಮೊದಲೇ ಹಾಕಿಸಿದ ಲಸಿಕೆ, ಅಂಟಿರಬಹುದೆಂದು ಕಂಡರೆ ಮೊದಲ ದಿನವೇ ವೈದ್ಯರ ಸಲಹೆ.

ಸೆರಗಿನಿಂದ, ಹೆಗಲ ಟವೆಲ್ಲಿನಿಂದ ಮಗುವಿನ ಮೂಗು ಒರೆಸಿ, ಅದರಲ್ಲೇ ಕೈ ಒರೆಸಿ, ಅದೇ ಕೈಯಲ್ಲಿ ತುತ್ತು ಕಲಸುವುದು ದಿನನಿತ್ಯದ ಕೆಲಸದಲ್ಲಿ ಗಮನಕ್ಕೇ ಬರುವುದಿಲ್ಲ. ವೈರಸ್ ಬಟ್ಟೆಯ ಮೇಲೆ 8ರಿಂದ 12 ಗಂಟೆ, ಸ್ಟೀಲ್, ಪ್ಲಾಸ್ಟಿಕ್ ಮೇಲೆ 24ರಿಂದ 48 ಗಂಟೆ ಉಳಿಯಬಲ್ಲದು. ಹಳೆಯ ಪಂಚೆ, ಸೀರೆ ಹರಿದು ಚಿಕ್ಕ ಚೂರು ಮಾಡಿಟ್ಟುಕೊಳ್ಳಿ. ಒಂದು ಸಲ ಒರೆಸಿದ್ದು ಮುಚ್ಚಳದ ಬಕೆಟ್ಟಿಗೆ ಹೋಗಲಿ, ಸಂಜೆ ಸೋಪಿನ ಪುಡಿಯಲ್ಲಿ ಒಗೆದು ಬಿಸಿಲಿಗೆ ಹಾಕಿ. ಪಾತ್ರೆಗೂ ಮಾಮೂಲಿ ಸೋಪು ಸಾಕು, ರೋಗಿಯ ಲೋಟ, ತಟ್ಟೆಯನ್ನು ಎಸೆಯಬೇಕಿಲ್ಲ. ಕೈ ತೊಳೆಯುವುದು ಸೋಪಿನಲ್ಲಿ 20 ಸೆಕೆಂಡು, ಹೆಬ್ಬೆರಳನ್ನೂ ಉಗುರ ಸಂದನ್ನೂ ಬಿಡದೆ. ಸ್ಯಾನಿಟೈಸರ್ ಆದರೆ ಶೇ 60ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರಬೇಕು. ಮೊಬೈಲು, ಚಿಲಕ, ಟಿ.ವಿ. ರಿಮೋಟನ್ನು ದಿನಕ್ಕೊಮ್ಮೆ ಒರೆಸಿ.

ಬಾಣಂತಿಗೆ ಫ್ಲೂ ಬಂದರೂ ಎದೆಹಾಲು ನಿಲ್ಲಿಸಬೇಡಿ. ಹಾಲಿನಲ್ಲಿ ಫ್ಲೂ ಬರುವುದಿಲ್ಲ, ಉಸಿರಿನಲ್ಲಿ ಬರುತ್ತದೆ. ಮಾಸ್ಕ್ ಹಾಕಿ, ಕೈ ತೊಳೆದು ಕುಡಿಸಬಹುದು.

ಕಾಯಬಾರದ ಲಕ್ಷಣಗಳು

ಉಸಿರು ಸಿಗದಿರುವುದು, ಎದೆನೋವು, ಕಫದಲ್ಲಿ ರಕ್ತ, ತುಟಿ, ಉಗುರು ನೀಲಿಯಾಗುವುದು, ಎಬ್ಬಿಸಿದರೂ ಮಂಪರು, ಮಾತು ಅಡ್ಡಾದಿಡ್ಡಿಯಾಗುವುದು. ಮಕ್ಕಳಲ್ಲಿ ಹಾಲು, ಊಟ ಪೂರ್ತಿ ನಿರಾಕರಿಸುವುದು, ಪಕ್ಕೆ ಒಳಸೇದಿ ಉಸಿರಾಡುವುದು, ಫಿಟ್ಸ್. ಇದು ಸಿ. ಮಗು ಮಲಗಿರುವಾಗ ಅಂಗಿ ಎತ್ತಿ ಹೊಟ್ಟೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಿ: ಎರಡು ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಹೆಚ್ಚಿದ್ದರೆ ನ್ಯುಮೋನಿಯಾ ಅನುಮಾನಿಸಬೇಕು. ಆಕ್ಸಿಮೀಟರಿನಲ್ಲಿ 94ಕ್ಕಿಂತ ಕೆಳಗೆ ತೋರಿಸಿದರೆ ಅದೇ ದಿನ, 90ರ ಹತ್ತಿರ ಇದ್ದರೆ ಅದೇ ಗಳಿಗೆ ಹೊರಡಿ. ಉಗುರುಬಣ್ಣ, ಗಾಢ ಮೆಹಂದಿ, ತಣ್ಣಗಿನ ಬೆರಳು ತಪ್ಪು ಅಂಕಿ ತೋರಿಸುತ್ತವೆ, ಬೆರಳು ಉಜ್ಜಿ ಬಿಸಿ ಮಾಡಿ ಇನ್ನೊಂದರಲ್ಲಿ ನೋಡಿ.

108ಕ್ಕೆ ಕರೆ ಮಾಡಿ. ಮೈಸೂರಿನಲ್ಲಿ ದೊಡ್ಡವರಿಗೆ ಕೆ.ಆರ್. ಆಸ್ಪತ್ರೆ, ಮಕ್ಕಳಿಗೆ ಮತ್ತು ಗರ್ಭಿಣಿಯರಿಗೆ ಚೆಲುವಾಂಬ ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್. ಕ್ಯಾಲೆಂಡರಿನ ಹಾಳೆ ಹರಿದುಕೊಂಡೇ ಹೋಗಿ ಅಥವಾ ಮೊಬೈಲಿನಲ್ಲಿ ಫೋಟೊ ಹಿಡಿಯಿರಿ, ತಿಂದ ಮಾತ್ರೆಗಳ ಪಟ್ಟಿಯೂ ಜೊತೆಗಿರಲಿ. ಗಂಟಲು, ಮೂಗಿನ ದ್ರವ ತೆಗೆದು ಮಾಡುವ ಎಚ್1ಎನ್1 (ಫ್ಲೂ ವೈರಸ್‌ನ ಒಂದು ಬಗೆ) ಪರೀಕ್ಷೆ ಮುಖ್ಯವಾಗಿ ಇಂಥವರಿಗೇ. ವರದಿ ಬರುವತನಕ ವೈದ್ಯರು ಔಷಧ ತಡೆಹಿಡಿಯುವುದಿಲ್ಲ, ನೀವೂ ‘ರಿಪೋರ್ಟ್ ಬರ್ಲಿ’ ಎಂದು ತಡೆಯಬೇಡಿ.

ಸಕ್ಕರೆ ಕಾಯಿಲೆಯವರು ಊಟ ಬಿಟ್ಟೆವೆಂದು ಇನ್ಸುಲಿನ್ ತಾವಾಗಿ ನಿಲ್ಲಿಸಬಾರದು. ಜ್ವರದಲ್ಲಿ ಉಣ್ಣದಿದ್ದರೂ ಸಕ್ಕರೆ ಏರುತ್ತದೆ. ನಾಲ್ಕರಿಂದ ಆರು ಗಂಟೆಗೊಮ್ಮೆ ಗ್ಲುಕೋಮೀಟರಿನಲ್ಲಿ ನೋಡಿ, ವಾಂತಿಯಾಗುತ್ತಿದ್ದರೆ ಯಾವ ಮಾತ್ರೆ ತಾತ್ಕಾಲಿಕವಾಗಿ ಬಿಡಬೇಕೆಂದು ವೈದ್ಯರಿಗೆ ಫೋನ್ ಮಾಡಿ ಕೇಳಿ. ಅಸ್ತಮಾದವರು ಇನ್‌ಹೇಲರ್ ಬಿಡದೆ ಮುಂದುವರಿಸಬೇಕು.

ನಾಲ್ಕನೇ ದಿನದ ಮೇಲೆ

ಜ್ವರ ಸಾಮಾನ್ಯವಾಗಿ ಮೂರರಿಂದ ಐದು ದಿನದಲ್ಲಿ ಬಿಡುತ್ತದೆ. ಬಿಟ್ಟು ಒಂದೆರಡು ದಿನ ಚೆನ್ನಾಗಿದ್ದು ಮತ್ತೆ ಚಳಿಜ್ವರ, ಹಳದಿ ಅಥವಾ ತುಕ್ಕಿನ ಬಣ್ಣದ ಕಫ, ಉಸಿರೆಳೆದಾಗ ಪಕ್ಕೆ ಚುಚ್ಚುವುದು ಶುರುವಾದರೆ ಅದು ಬ್ಯಾಕ್ಟೀರಿಯಾದ ನ್ಯುಮೋನಿಯಾ ಇರಬಹುದು. ಮೊದಲು ಬೇಡವೆಂದ ಆ್ಯಂಟಿಬಯಾಟಿಕ್ ಬೇಕಾಗುವುದು ಈಗ, ಅದೂ ಎದೆಯ ಎಕ್ಸ್‌ರೇ ನೋಡಿ ವೈದ್ಯರು ಬರೆದಮೇಲೆ. ‘ಹೋದ ಜ್ವರ ತಿರುಗಿ ಬಂತು, ಅದೇ ಮಾತ್ರೆ ತಗೊಂಡ್ರಾಯ್ತು’ ಎಂದು ಮನೆಯಲ್ಲೇ ಉಳಿದವರು ತಡವಾಗಿ ಆಸ್ಪತ್ರೆ ಸೇರುತ್ತಾರೆ.

ಶಾಲೆಗೆ, ಕೆಲಸಕ್ಕೆ ಯಾವಾಗ? ಪ್ಯಾರಾಸಿಟಮಾಲ್ ಇಲ್ಲದೆ ಪೂರ್ತಿ 24 ಗಂಟೆ ಜ್ವರವಿಲ್ಲದೆ ಕಳೆದಮೇಲೆ. ಬೆಳಿಗ್ಗೆ ಸಿರಪ್ ಕುಡಿಸಿ ವ್ಯಾನ್ ಹತ್ತಿಸಿದ ಮಗುವಿಗೆ ಹನ್ನೊಂದು ಗಂಟೆಗೆ ಜ್ವರ ಮರಳುತ್ತದೆ, ಅಷ್ಟರಲ್ಲಿ ಇಡೀ ಬೆಂಚಿಗೆ ಹಂಚಿರುತ್ತದೆ. ಅಲ್ಲಿಂದಾಚೆಗೂ ನಾಲ್ಕೈದು ದಿನ ಬಸ್ಸಿನಲ್ಲಿ, ಆಫೀಸಿನಲ್ಲಿ ಮಾಸ್ಕ್ ಇರಲಿ. ಕಬ್ಬು ಕಡಿಯುವುದು, ಮೂಟೆ ಹೊರುವುದು, ಆಲೆಮನೆಯ ಒಲೆಯ ಮುಂದೆ ನಿಲ್ಲುವಂಥ ಕೆಲಸವನ್ನು ಇನ್ನೊಂದು ವಾರ ಮುಂದೂಡಿ. ಆ ಹೊಗೆಗೆ, ಬೀಡಿಗೆ ಕೆಮ್ಮು ಮತ್ತೆ ಕೆರಳುತ್ತದೆ.

ಒಣ ಕೆಮ್ಮು, ಸುಸ್ತು ಎರಡು ವಾರದವರೆಗೆ ಎಳೆಯಬಹುದು, ಕೆಲವರಿಗೆ ಇನ್ನೂ ಸ್ವಲ್ಪ. ಉಗುರು ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಿ, ಮಲಗುವಾಗ ತಲೆ ಎತ್ತರಿಸಿಕೊಳ್ಳಿ. ಕ್ಯಾಲೆಂಡರಿನ ಗುರುತಿನಿಂದ ಎರಡು ವಾರ ದಾಟಿಯೂ ಕೆಮ್ಮು ಇಳಿಮುಖವಾಗದಿದ್ದರೆ, ಸಂಜೆ ಹೊತ್ತು ಸಣ್ಣ ಜ್ವರ ಬರುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ‘ಫ್ಲೂ ಉಳಿದಿದೆ’ ಎನ್ನದೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕ್ಷಯದ ಕಫ ಪರೀಕ್ಷೆ ಮಾಡಿಸಿ. ಆಶಾ ಕಾರ್ಯಕರ್ತೆಗೆ ಹೇಳಿದರೆ ಕಫದ ಡಬ್ಬಿ ಎಲ್ಲಿ ಸಿಗುತ್ತದೆಂದು ತಿಳಿಸುತ್ತಾರೆ. ಬೆಳಿಗ್ಗೆ ಎದ್ದು ಬಾಯಿ ತೊಳೆದು, ಆಳವಾಗಿ ಕೆಮ್ಮಿ ಎದೆಯಿಂದ ಬಂದದ್ದನ್ನು ಹಾಕಬೇಕು, ಬರೀ ಎಂಜಲು ಹಾಕಿದರೆ ಪರೀಕ್ಷೆ ವ್ಯರ್ಥ. ಪರೀಕ್ಷೆ ಉಚಿತ.